ಉಸಿರಿನ ಯಂತ್ರ ಮತ್ತು ಸುಖನಿದ್ರೆ

ಆಹಾರ ಮತ್ತು ನಿದ್ರೆಗಳನ್ನು ದೇಹವನ್ನು ಹೊತ್ತು ನಿಲ್ಲಿಸುವ ಕಂಬಗಳೆಂದು ನಮ್ಮ ಪ್ರಾಚೀನ ವೈದ್ಯಶಾಸ್ತ್ರ ಗಣಿಸಿದೆ. ಚರಕ ಸಂಹಿತೆಯು ಹೇಳುವ ಮೂರು ಉಪಸ್ತಂಭಗಳಲ್ಲಿ ನಿದ್ರೆಯೂ ಒಂದು. ಆದರೂ ಒಂದು ಹೊತ್ತಿನ ಊಟ ತಪ್ಪಿದರೆ ವಿಚಾರಿಸುವ ಮನೆಮಂದಿ, ವರ್ಷಗಟ್ಟಲೆ ನಿದ್ರೆ ಕೆಟ್ಟವರನ್ನು ವಿಚಾರಿಸುವುದು ಅಪರೂಪ. ಗೊರಕೆ ಹೊಡೆಯುವವರನ್ನು ಕಂಡರಂತೂ ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ನಕ್ಕು ಸುಮ್ಮನಾಗುವುದೇ ವಾಡಿಕೆ.

ಆದರೆ ಎಲ್ಲ ಗೊರಕೆಯೂ ಸುಖನಿದ್ರೆಯ ಗುರುತಲ್ಲ. ಕೆಲವರಲ್ಲಿ ನಿದ್ರೆ ಆಳವಾದಂತೆ ನಾಲಿಗೆಯ ಬುಡ ಹಾಗೂ ಗಂಟಲಿನ ಮೆತ್ತನೆಯ ಭಾಗಗಳು ಸಡಿಲಗೊಂಡು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತವೆ. ಗೊರಕೆ ಥಟ್ಟನೆ ನಿಲ್ಲುತ್ತದೆ. ಎದೆ ಏಳುತ್ತದೆ, ಬೀಳುತ್ತದೆ, ಆದರೆ ಗಾಳಿ ಒಳಕ್ಕೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಅರೆಬರೆ ಎಚ್ಚರಿಸುತ್ತದೆ; ರೋಗಿಯು ಏದುಸಿರಿನೊಡನೆ ಹೊರಳಿ ಮತ್ತೆ ಮಲಗುತ್ತಾನೆ. ಬೆಳಗಾದ ಮೇಲೆ ಇದಾವುದೂ ಅವನಿಗೆ ನೆನಪಿರುವುದಿಲ್ಲ. ಕನಿಷ್ಠ 10 ಸೆಕೆಂಡುಗಳ ಇಂತಹ ತಡೆಗಳು ಗಂಟೆಗೆ 5ಕ್ಕಿಂತ ಹೆಚ್ಚಾದರೆ ವೈದ್ಯರು ಅದನ್ನು ರೋಗವೆಂದು ಪರಿಗಣಿಸುತ್ತಾರೆ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ಇದಕ್ಕೆ ಸ್ಲೀಪ್ ಆಪ್ನಿಯ, ಅಂದರೆ ನಿದ್ರಾ ಶ್ವಾಸಸ್ತಂಭನ ಎಂದು ಹೆಸರು. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಮರೆವು, ಸಿಡುಕು, ಹತೋಟಿಗೆ ಬಾರದ ರಕ್ತದೊತ್ತಡ ಇವೆಲ್ಲ ಅದರ ಬಳಗ. ತೂಕಡಿಸುತ್ತ ವಾಹನ ನಡೆಸುವವರಿಗೂ ಅವರ ಎದುರು ಬರುವವರಿಗೂ ಇದು ಪ್ರಾಣಕ್ಕೇ ಸಂಚಕಾರ.

ಯಂತ್ರದ ತತ್ತ್ವ

1981ಕ್ಕೆ ಮೊದಲು ಈ ರೋಗ ಉಲ್ಬಣಿಸಿದವರಿಗೆ ಗಂಟಲಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನಳಿಕೆ ಇಡುವುದೇ ಮುಖ್ಯ ಚಿಕಿತ್ಸೆಯಾಗಿತ್ತು. ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಸಹೋದ್ಯೋಗಿಗಳು ಮೂಗಿನ ಮೂಲಕ ಸತತವಾಗಿ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ಮಾಡಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರ ಅದೇ ತತ್ತ್ವದ ಮೇಲೆ ನಡೆಯುತ್ತದೆ: ಒಂದು ಸಣ್ಣ ಪೆಟ್ಟಿಗೆ, ಒಂದು ನಳಿಕೆ, ಮೂಗಿಗೋ ಮೂಗು ಬಾಯಿ ಎರಡಕ್ಕೋ ಕಟ್ಟಿಕೊಳ್ಳುವ ಒಂದು ಮಾಸ್ಕು.

ಈ ಯಂತ್ರದ ಬಗ್ಗೆ ಎರಡು ತಪ್ಪುಕಲ್ಪನೆಗಳು ನಮ್ಮ ಮನೆಗಳಲ್ಲಿ ಪ್ರಬಲವಾಗಿವೆ. ಇದು ಆಮ್ಲಜನಕದ ಯಂತ್ರ, ಕೊನೆಗಾಲದವರಿಗೆ ಹಾಕುವಂಥದು ಎಂಬುದು ಮೊದಲನೆಯದು. ಯಂತ್ರವು ಕೋಣೆಯಲ್ಲಿರುವ ಗಾಳಿಯನ್ನೇ ಸೋಸಿ ತುಸು ಒತ್ತಿ ಕಳಿಸುತ್ತದೆ, ಅಷ್ಟೆ. ಗಾಳಿ ಹೊಡೆದು ಹೊಡೆದು ಶ್ವಾಸಕೋಶವೇ ಒಡೆದೀತೆಂಬುದು ಎರಡನೆಯ ಭಯ. ಮನೆಯ ಯಂತ್ರಗಳ ಒತ್ತಡ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು. ಪಾತ್ರೆಯಲ್ಲಿ ಅಷ್ಟು ಎತ್ತರಕ್ಕೆ ನಿಂತ ನೀರು ತಳದ ಮೇಲೆ ಎಷ್ಟು ಭಾರ ಹೇರೀತೋ ಅಷ್ಟು. ಗಂಟಲಿನ ಸಡಿಲ ಗೋಡೆಯನ್ನು ತೆರೆದಿಡಲು ಅದು ಸಾಕು.

ಅಟ್ಟ ಸೇರಿದ ಯಂತ್ರ

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ನಮಗೆ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ನಿದ್ರಾಪರೀಕ್ಷೆಯಲ್ಲಿ ರೋಗ ತೀವ್ರವೆಂದು ತಿಳಿದು, ಮಕ್ಕಳು ಹತ್ತಾರು ಸಾವಿರ ರೂಪಾಯಿ ಕೊಟ್ಟು ಯಂತ್ರ ತಂದುಕೊಟ್ಟರು. ಎಂಟು ದಿನ ಬಳಸುವಷ್ಟರಲ್ಲಿ ಅದು ಪೆಟ್ಟಿಗೆ ಸಮೇತ ಅಟ್ಟ ಸೇರಿತು. ಕೆಲವು ತಿಂಗಳ ತರುವಾಯ ಅವರು ದ್ವಿಚಕ್ರ ವಾಹನದಲ್ಲಿ ಹೋಗುತ್ತ ತೂಕಡಿಸಿ ಬೇಲಿಗೆ ಬಿದ್ದು ತೋಳು ಮುರಿದುಕೊಂಡರು. ನಾವು ನೋಡಲು ಹೋದಾಗ ಅವರ ಮನೆಯಾಕೆ, “ಸ್ವಾಮಿ, ಇವರ ಉಸಿರು ನಿಂತಾಗಲೆಲ್ಲ ಮತ್ತೆ ಬರೋತನಕ ನಾನು ಎಣಿಸ್ತಾ ಕೂತಿರ್ತೀನಿ. ಬೆಳಗಾದ ಮೇಲೆ ಇವರು ‘ಚೆನ್ನಾಗಿ ನಿದ್ದೆ ಬಂತು’ ಅಂತಾರೆ” ಎಂದು ಕಣ್ಣೊರೆಸಿಕೊಂಡರು.

ಮೇಷ್ಟರು ಯಂತ್ರವನ್ನು ಬಿಟ್ಟುದು ಹಟದಿಂದಲ್ಲ. ರಾತ್ರಿ ಕಟ್ಟುಹಲ್ಲು ತೆಗೆದಿಟ್ಟಾಗ ಕೆನ್ನೆ ಒಳಕ್ಕೆ ಸರಿದು ಮಾಸ್ಕಿನ ಅಂಚಿನಿಂದ ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಬಾಯಿ ಒಣಗಿ ನಾಲಿಗೆ ಅಂಗಳಕ್ಕೆ ಅಂಟುತ್ತಿತ್ತು. ಕರೆಂಟು ಹೋದಾಗ ಗಾಬರಿಯಾಗುತ್ತಿತ್ತು. ಮೂರಕ್ಕೂ ಉಪಾಯವಿತ್ತು, ಹೇಳುವವರು ಇರಲಿಲ್ಲ. ಮಾಸ್ಕಿನ ಅಳತೆ ಬದಲಾಗಿ, ತೇವದ ಏರ್ಪಾಟಾಗಿ, ಇನ್ವರ್ಟರಿಗೆ ಜೋಡಣೆಯಾದ ಮೇಲೆ, ಮೊದಲು ಎರಡು ಗಂಟೆ, ಅನಂತರ ನಾಲ್ಕು ಗಂಟೆ, ಈಗ ಬಹುಪಾಲು ರಾತ್ರಿಯೆಲ್ಲ ಅವರು ಅದನ್ನು ಧರಿಸುತ್ತಾರೆ. ಇಂತಹ ಯಂತ್ರಗಳು ಇನ್ನೆಷ್ಟು ಮನೆಗಳ ಅಟ್ಟದ ಮೇಲಿವೆಯೋ! ಆದುದರಿಂದ ಸಾಮಾನ್ಯ ತೊಂದರೆಗಳನ್ನೂ ಪರಿಹಾರಗಳನ್ನೂ ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

ಮಾಸ್ಕಿನ ಸೋರಿಕೆ ಮತ್ತು ಗಾಯ

ದೂರುಗಳಲ್ಲಿ ಹೆಚ್ಚಿನವು ಮಾಸ್ಕಿಗೆ ಸಂಬಂಧಪಟ್ಟವು. ಅಂಗಡಿಯಲ್ಲಿ ಕುಳಿತು ನೋಡಿದಾಗ ಸರಿಹೋದ ಮಾಸ್ಕು ಮಲಗಿದಾಗ ಸರಿಹೋಗಬೇಕೆಂದಿಲ್ಲ. ಮಲಗಿದರೆ ಮುಖದ ಮಾಂಸ ಸರಿಯುತ್ತದೆ. ಆದುದರಿಂದ ಯಂತ್ರ ಚಾಲೂ ಮಾಡಿ, ನಿತ್ಯ ಮಲಗುವ ಭಂಗಿಯಲ್ಲೇ ಮಲಗಿ ಪಟ್ಟಿಗಳನ್ನು ಹೊಂದಿಸಿಕೊಳ್ಳತಕ್ಕದ್ದು. ಕಟ್ಟುಹಲ್ಲು ತೆಗೆದು ಮಲಗುವವರು ತೆಗೆದೇ ಅಳತೆ ನೋಡಬೇಕು. ಗಾಳಿ ಸೋರಿದೊಡನೆ ಪಟ್ಟಿ ಬಿಗಿಯುವುದು ಎಲ್ಲರೂ ಮಾಡುವ ಕೆಲಸ. ಅತಿಯಾಗಿ ಬಿಗಿದರೆ ಮೆತ್ತನೆಯ ಅಂಚು ಮಡಿಚಿಕೊಂಡು ಸೋರಿಕೆ ಹೆಚ್ಚುತ್ತದೆ, ಮೂಗಿನ ದಂಡೆಯ ಮೇಲೆ ಹುಣ್ಣಾಗುತ್ತದೆ. ಮೊದಲು ಮಾಸ್ಕನ್ನು ಮುಖದಿಂದ ತುಸು ಎತ್ತಿ, ಅಂಚು ಗಾಳಿ ತುಂಬಿ ಉಬ್ಬಿದ ಮೇಲೆ ಮತ್ತೆ ಕೂರಿಸಿ ನೋಡಬೇಕು. ಆಗಲೂ ಸೋರಿದರೆ ಅಳತೆಯನ್ನೋ ಮಾದರಿಯನ್ನೋ ಬದಲಿಸುವುದು ಲೇಸು. ಮೂಗಿನ ಹೊಳ್ಳೆಗೆ ಮಾತ್ರ ತಾಗುವುದು, ಮೂಗನ್ನು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆಗಳಿವೆ. ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗೀತು.

ಮುಖದ ಜಿಡ್ಡೂ ಸೋರಿಕೆಗೆ ಕಾರಣ. ರಾತ್ರಿ ಲಿಂಗಪೂಜೆ ಮುಗಿಸಿ ಹಣೆಯಲ್ಲಿ ವಿಭೂತಿ ಧರಿಸಿದವರು ಮಲಗುವ ಮುನ್ನ ಮುಖ ತೊಳೆದು ಒರೆಸಿಕೊಳ್ಳುವುದು ಒಳಿತು. ಮಾಸ್ಕಿನ ಹಣೆಪಟ್ಟಿಗೆ ಭಸ್ಮದ ಪುಡಿ ಸೇರಿದರೆ ಚರ್ಮ ಉಜ್ಜುತ್ತದೆ. ಗಡ್ಡವಿದ್ದವರಿಗೆ ಹೊಳ್ಳೆಗೆ ತಾಗುವ ಚಿಕ್ಕ ಮಾದರಿ ಅನುಕೂಲ. ಶಿವದಾರದೊಡನೆ ಮಲಗುವವರು ನಳಿಕೆಯನ್ನು ಎದೆಯ ಮೇಲೆ ಹಾಯಿಸದೆ, ತಲೆಯ ಹಿಂದಿನಿಂದ ಮಂಚದ ಮೇಲ್ಭಾಗಕ್ಕೆ ತಂದು ಸಡಿಲವಾಗಿ ಕಟ್ಟಿದರೆ ದಾರಕ್ಕೆ ತೊಡರುವುದಿಲ್ಲ, ಹೊರಳುವಾಗ ಮಾಸ್ಕು ಎಳೆಯುವುದೂ ಇಲ್ಲ.

ಹುಣ್ಣಾದಲ್ಲಿ ಕೊಬ್ಬರಿ ಎಣ್ಣೆ, ವ್ಯಾಸಲೀನು ಸವರುವ ಅಭ್ಯಾಸ ಬೇಡ. ಎಣ್ಣೆಯಂಶ ಮಾಸ್ಕಿನ ಸಿಲಿಕೋನನ್ನು ಕೆಡಿಸುತ್ತದೆ. ಮೂಗಿನಲ್ಲಿ ಹಚ್ಚಿದ ಜಿಡ್ಡು ಗಾಳಿಯೊಡನೆ ಶ್ವಾಸಕೋಶ ಸೇರುವ ಅಪಾಯವೂ ಉಂಟು. ನೀರಿನ ಮೂಲದ ಮುಲಾಮನ್ನು ವೈದ್ಯರನ್ನು ಕೇಳಿ ಬಳಸತಕ್ಕದ್ದು. ಎದೆಯಲ್ಲಿ ಪೇಸ್‌ಮೇಕರ್ ಮೊದಲಾದ ಸಾಧನ ಅಳವಡಿಸಿದವರು, ಮೆದುಳಿನ ರಕ್ತನಾಳದಲ್ಲಿ ಲೋಹದ ಕ್ಲಿಪ್ ಇರುವವರು, ಅಯಸ್ಕಾಂತದ ಗುಂಡಿಯಿರುವ ಮಾಸ್ಕನ್ನು ಕೊಳ್ಳಬಾರದು. ಅವರ ಪಕ್ಕದಲ್ಲಿ ಮಲಗುವವರೂ ಈ ಎಚ್ಚರ ವಹಿಸಬೇಕು.

ಒಣಗುವ ಬಾಯಿ, ಕಟ್ಟುವ ಮೂಗು

ಮೂಗಿನ ಮಾಸ್ಕು ಧರಿಸಿದವರು ನಿದ್ರೆಯಲ್ಲಿ ಬಾಯಿ ತೆರೆದರೆ ಗಾಳಿಯೆಲ್ಲ ಬಾಯಿಂದ ಹೊರಟುಹೋಗುತ್ತದೆ. ಬಾಯಿ ಒಣಗುತ್ತದೆ, ಗಂಟಲಿಗೆ ಒತ್ತಡ ಸಾಲದೆ ಗೊರಕೆ ಮರಳುತ್ತದೆ. ಯಂತ್ರದ ತೇವಕಾರಿಯನ್ನು, ಅಂದರೆ ಬೆಚ್ಚನೆಯ ನೀರಾವಿ ಬೆರೆಸುವ ತೊಟ್ಟಿಯನ್ನು, ಬಳಸುವುದು ಮೊದಲ ಉಪಾಯ. ಗದ್ದಕ್ಕೆ ಪಟ್ಟಿ ಕಟ್ಟುವುದು ಎರಡನೆಯದು. ಮೂಗು ಸದಾ ಕಟ್ಟಿರುವವರಿಗೆ ಗದ್ದಪಟ್ಟಿ ಸಲ್ಲದು. ಅವರಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕೇ ಯೋಗ್ಯ.

ಮೂಗು ಕಟ್ಟಲು ಯಂತ್ರವೇ ಕಾರಣವೆಂದು ಹಲವರು ದೂರುತ್ತಾರೆ. ಒಣಗಾಳಿಯಿಂದ ಮೂಗಿನ ಒಳಪೊರೆ ಊದಿಕೊಳ್ಳುವುದು ನಿಜ. ತೇವ ಹೆಚ್ಚಿಸಿದರೆ ಅದು ಶಮನವಾಗುತ್ತದೆ. ಔಷಧದಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಹಿತಕರ. ಮೂಗು ಬಿಡಿಸುವ ಔಷಧದ ಹನಿಗಳನ್ನು ಮಾತ್ರ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಹಾಕಬಾರದು. ಅಭ್ಯಾಸವಾದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಧೂಳಿನ ಅಲರ್ಜಿ, ಮೂಗಿನೊಳಗಿನ ದುರ್ಮಾಂಸ, ವಕ್ರವಾದ ಮೂಗಿನ ನಡುಗೋಡೆ ಇದ್ದವರು ಕಿವಿ ಮೂಗು ಗಂಟಲಿನ ತಜ್ಞರನ್ನು ಕಾಣಬೇಕು.

ಮಾಗಿಯ ಚಳಿಯಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಎದುರಾಗುತ್ತದೆ. ಬೆಚ್ಚನೆಯ ತೇವಗಾಳಿ ತಣ್ಣನೆಯ ನಳಿಕೆಯಲ್ಲಿ ನೀರಾಗಿ ಇಳಿದು ಗೊಳಗೊಳ ಸದ್ದು ಮಾಡುತ್ತದೆ, ಮೂಗಿಗೆ ಹನಿಯುತ್ತದೆ. ತೇವವನ್ನು ಒಂದು ಅಂಕ ತಗ್ಗಿಸುವುದು, ನಳಿಕೆಗೆ ಬಟ್ಟೆ ಸುತ್ತುವುದು, ಯಂತ್ರವನ್ನು ತಲೆದಿಂಬಿಗಿಂತ ಕೆಳಗಿನ ಸ್ಟೂಲಿನ ಮೇಲೆ ಇಡುವುದು, ಇವುಗಳಿಂದ ಅದು ನಿಲ್ಲುತ್ತದೆ. ಚಳಿಯೆಂದು ಕಂಬಳಿಯ ಮುಸುಕೆಳೆದು ಮಲಗುವವರು ಗಮನಿಸಬೇಕಾದ ಮಾತೊಂದಿದೆ. ಮಾಸ್ಕಿನ ಮೇಲಿನ ಸಣ್ಣ ರಂಧ್ರಗಳು ನಾವು ಬಿಟ್ಟ ಉಸಿರು ಹೊರಹೋಗಲೆಂದೇ ಇವೆ. ಅವನ್ನು ಸೋರಿಕೆಯೆಂದು ಭ್ರಮಿಸಿ ಅಂಟುಪಟ್ಟಿ ಹಚ್ಚುವುದಾಗಲಿ, ಕಂಬಳಿಯಿಂದ ಮುಚ್ಚುವುದಾಗಲಿ ಕೂಡದು.

ಉಸಿರುಗಟ್ಟುವ ಭಾವ ಮತ್ತು ಹೊಟ್ಟೆಯುಬ್ಬರ

ಮುಖಕ್ಕೆ ಏನನ್ನಾದರೂ ಕಟ್ಟಿದರೆ ಕೆಲವರಿಗೆ ಜೀವ ಹಿಡಿದಂತಾಗುತ್ತದೆ. ಇವರು ರಾತ್ರಿಯೇ ಅಭ್ಯಾಸಕ್ಕೆ ತೊಡಗಬಾರದು. ಹಗಲಿನಲ್ಲಿ ರೇಡಿಯೋ ಕೇಳುತ್ತಲೋ ಪತ್ರಿಕೆ ಓದುತ್ತಲೋ ಮೊದಲು ಯಂತ್ರಕ್ಕೆ ಜೋಡಿಸದ ಮಾಸ್ಕನ್ನು ಕೆಲವು ನಿಮಿಷ ಮುಖಕ್ಕೆ ಹಿಡಿದಿರಲಿ. ಅನಂತರ ಯಂತ್ರ ಚಾಲೂ ಮಾಡಿ ಕುಳಿತು ಉಸಿರಾಡಲಿ. ಅದು ಒಗ್ಗಿದ ಮೇಲೆ ಪಟ್ಟಿ ಕಟ್ಟಿ ಮಧ್ಯಾಹ್ನ ಅಡ್ಡಾಗಲಿ. ಒಂದು ಮೆಟ್ಟಿಲು ಸಲೀಸಾಗುವವರೆಗೆ ಮುಂದಿನದಕ್ಕೆ ಹೋಗುವುದು ಬೇಡ. ಪ್ರಾಣಾಯಾಮದ ಅಭ್ಯಾಸವಿರುವವರು ಇಲ್ಲಿ ಉಸಿರನ್ನು ಎಣಿಸಲೂ ತಡೆಯಲೂ ಹೋಗಬಾರದು. ಉಸಿರು ತನ್ನಷ್ಟಕ್ಕೆ ಆಡಲಿ.

ಗಾಳಿಯ ರಭಸ ಸಹಿಸಲಾರದವರಿಗಾಗಿ ಯಂತ್ರದಲ್ಲಿಯೇ ‘ರ್‍ಯಾಂಪ್’ ಎಂಬ ಸೌಕರ್ಯವಿದೆ. ಅದನ್ನು ಹಾಕಿದರೆ ಕಡಮೆ ಒತ್ತಡದಿಂದ ತೊಡಗಿ ನಿಧಾನವಾಗಿ ನಿಗದಿತ ಮಟ್ಟಕ್ಕೆ ಏರುತ್ತದೆ. ಉಸಿರು ಬಿಡುವಾಗ ಒತ್ತಡ ತಗ್ಗಿಸುವ ಏರ್ಪಾಟೂ ಹಲವು ಯಂತ್ರಗಳಲ್ಲಿದೆ. ಇದಕ್ಕೆ ಪ್ರತಿಯಾಗಿ, ಆರಂಭದಲ್ಲಿ ಗಾಳಿ ಸಾಲದೆನಿಸುವವರಿಗೆ ಆರಂಭದ ಒತ್ತಡವನ್ನು ತುಸು ಏರಿಸಬೇಕಾಗುತ್ತದೆ. ಮುಖ್ಯ ಒತ್ತಡವನ್ನು ಮಾತ್ರ ವೈದ್ಯರಲ್ಲದೆ ಬೇರಾರೂ ಬದಲಿಸತಕ್ಕದ್ದಲ್ಲ. ಒಬ್ಬರಿಗೆ ನಿಗದಿಯಾದ ಯಂತ್ರವನ್ನು ಭಾವನಿಗೋ ಷಡ್ಡಕನಿಗೋ ‘ನೀವೂ ನೋಡಿ’ ಎಂದು ಕೊಡುವುದೂ ತರವಲ್ಲ.

ಬೆಳಿಗ್ಗೆ ಹೊಟ್ಟೆ ಉಬ್ಬರಿಸಿ ತೇಗು ಬರುತ್ತಿದ್ದರೆ ಗಾಳಿಯನ್ನು ನುಂಗುತ್ತಿದ್ದೀರೆಂದು ತಿಳಿಯಬೇಕು. ರಾತ್ರಿಯ ಊಟವನ್ನು ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಸುವುದು, ತಲೆಯ ಕಡೆ ಮಂಚವನ್ನು ಎತ್ತರಿಸುವುದು, ಎಡಮಗ್ಗುಲಾಗಿ ಮಲಗುವುದು ಸಹಾಯಕ. ನಿಲ್ಲದಿದ್ದರೆ ಒತ್ತಡ ತಗ್ಗಿಸುವ ವಿಚಾರವನ್ನು ವೈದ್ಯರು ನಿರ್ಧರಿಸುತ್ತಾರೆ.

ನಡುರಾತ್ರಿಯಲ್ಲಿ ಕಳಚುವ ಮಾಸ್ಕು

ಅರಿವಿಲ್ಲದೆ ನಿದ್ರೆಯಲ್ಲಿ ಮಾಸ್ಕು ಕಿತ್ತಿಡುವವರುಂಟು. ಹೆಚ್ಚಾಗಿ ಸೋರಿಕೆ, ಕಟ್ಟಿದ ಮೂಗು, ಸಾಲದ ಒತ್ತಡ ಇವುಗಳೇ ಅದರ ಮೂಲ. ಮೂಲವನ್ನು ಸರಿಪಡಿಸಿದರೆ ಕೈ ತಾನಾಗಿ ಸುಮ್ಮನಾಗುತ್ತದೆ. ನಸುಕಿನ ನಾಲ್ಕಕ್ಕೆ ಎದ್ದು ಮಾಸ್ಕು ತೆಗೆದು, ‘ಇನ್ನೇನು ಬೆಳಗಾಯಿತು’ ಎಂದು ಮತ್ತೆ ಒಂದು ಗಂಟೆ ಹಾಗೆಯೇ ಮಲಗುವವರು ಇನ್ನೂ ಹೆಚ್ಚು. ಕನಸು ಕಾಣುವ ನಿದ್ರೆಯ ಘಟ್ಟ ರಾತ್ರಿಯ ಕೊನೆಯ ಭಾಗದಲ್ಲಿ ದೀರ್ಘವಾಗಿರುತ್ತದೆ. ಆ ಘಟ್ಟದಲ್ಲಿಯೇ ಗಂಟಲಿನ ಸ್ನಾಯುಗಳು ತೀರ ಸಡಿಲಗೊಂಡು ಶ್ವಾಸಸ್ತಂಭನ ಉಲ್ಬಣಿಸುವುದು. ಎದ್ದರೆ ಎದ್ದೇ ಬಿಡಬೇಕು. ಮತ್ತೆ ಮಲಗುವುದಾದರೆ ಮಾಸ್ಕು ಧರಿಸಿಯೇ ಮಲಗಬೇಕು. ಅಮೆರಿಕದ ಸರ್ಕಾರಿ ವಿಮೆಯು 30 ದಿನಗಳಲ್ಲಿ ನೂರಕ್ಕೆ 70 ರಾತ್ರಿಗಳಂದು ಕನಿಷ್ಠ 4 ಗಂಟೆ ಬಳಸಿದವರನ್ನು ನಿಯಮಿತ ಬಳಕೆದಾರರೆಂದು ಎಣಿಸುತ್ತದೆ. ಅದು ಕನಿಷ್ಠ ಲೆಕ್ಕ. ದೇಹಕ್ಕೆ ಹಿತವಾಗುವುದು ಮಲಗಿದಷ್ಟು ಹೊತ್ತೂ ಬಳಸಿದಾಗ.

ನೀರು, ಧೂಳು, ವಿದ್ಯುತ್ತು

ಕೊಳವೆಬಾವಿಯ ಗಡಸು ನೀರನ್ನು ತೇವಕಾರಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ತೊಟ್ಟಿಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಬಟ್ಟಿ ಇಳಿಸಿದ ನೀರೇ ಉತ್ತಮ. ಬ್ಯಾಟರಿಗೆಂದು ಮಾರುವ ನೀರನ್ನು ತರುವುದು ಬೇಡ; ಅದು ಉಸಿರಾಡಲೆಂದು ತಯಾರಾದುದಲ್ಲ. ಔಷಧದಂಗಡಿಯವರಲ್ಲಿ ಕೇಳಿ ತರಿಸಿಕೊಳ್ಳಬಹುದು. ಒಂದೆರಡು ದಿನ ಸಿಗದಿದ್ದರೆ ಕುದಿಸಿ ಆರಿಸಿದ ನೀರಿನಿಂದ ಕಾಲ ತಳ್ಳಬಹುದಾದರೂ ಕುದಿಸಿದ ಮಾತ್ರಕ್ಕೆ ಲವಣ ಹೋಗುವುದಿಲ್ಲ. ನಿನ್ನೆಯ ನೀರನ್ನು ಚೆಲ್ಲಿ, ತೊಟ್ಟಿಯನ್ನು ಒಣಗಿಸಿ, ಹೊಸ ನೀರು ತುಂಬುವುದು ನಿತ್ಯದ ನೇಮವಾಗಲಿ.

ಮಾಸ್ಕಿನ ಅಂಚನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕು. ವಾರಕ್ಕೊಮ್ಮೆ ಮಾಸ್ಕು, ನಳಿಕೆ, ತೊಟ್ಟಿಗಳನ್ನು ಸೌಮ್ಯವಾದ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕೊಯ್ಲಿನ ದಿನಗಳಲ್ಲಿ, ಕಣದ ಧೂಳು ಏಳುವಾಗ, ಫಿಲ್ಟರನ್ನು ಆಗಾಗ ನೋಡಿ ಬೂದುಬಣ್ಣಕ್ಕೆ ತಿರುಗಿದ್ದರೆ ಬದಲಿಸಬೇಕು. ಧೂಪ, ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆಯನ್ನು ಯಂತ್ರ ಒಳಗೆಳೆದು ನೇರ ಮೂಗಿಗೆ ತಲಪಿಸುತ್ತದೆ. ಮಲಗುವ ಕೋಣೆಯಲ್ಲಿ ಅವು ಬೇಡ, ಸೊಳ್ಳೆಪರದೆ ಸಾಕು.

ಓಜೋನ್ ಅನಿಲದಿಂದ ಶುದ್ಧಿ ಮಾಡುವುದೆಂದು ಮಾರುವ ಪೆಟ್ಟಿಗೆಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರಲ್ಲಿಯೇ ಎಚ್ಚರಿಕೆ ನೀಡಿದೆ. 2021ರ ಜೂನಿನಲ್ಲಿ ಫಿಲಿಪ್ಸ್ ಕಂಪನಿಯು ತನ್ನ ಹಲವು ಮಾದರಿಯ ಯಂತ್ರಗಳನ್ನು ಹಿಂದಕ್ಕೆ ಪಡೆಯುವುದಾಗಿ ಪ್ರಕಟಿಸಿತು. ಸದ್ದಡಗಿಸಲು ಒಳಗಿಟ್ಟಿದ್ದ ಸ್ಪಂಜು ಕ್ರಮೇಣ ಪುಡಿಯಾಗಿ ಗಾಳಿಯಲ್ಲಿ ಬೆರೆಯಬಹುದೆಂಬುದು ಕಾರಣ. ಆದುದರಿಂದ ಕೈ ಬದಲಾಗಿ ಬಂದ ಹಳೆಯ ಯಂತ್ರವನ್ನು ಕೊಳ್ಳುವವರು ಅದರ ಮಾದರಿ ಮತ್ತು ಸಂಖ್ಯೆಗಳನ್ನು ವಿಚಾರಿಸದೆ ಹಣ ಕೊಡಬಾರದು.

ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿದ ಜಿಲ್ಲೆ ನಮ್ಮದಾದರೂ ಹಳ್ಳಿಗಳಲ್ಲಿ ರಾತ್ರಿ ಕರೆಂಟು ಹೋಗುವುದು ಹೊಸದಲ್ಲ. ಗಾಬರಿಪಡಬೇಕಾದುದಿಲ್ಲ. ಬಾಯಿ ಮುಚ್ಚುವ ಮಾಸ್ಕುಗಳಲ್ಲಿ ಯಂತ್ರ ನಿಂತೊಡನೆ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಮೂಗಿನ ಮಾಸ್ಕಾದರೆ ಬಾಯಿ ತೆರೆದೇ ಇರುತ್ತದೆ. ಆದರೂ ಎಚ್ಚರವಾದೊಡನೆ ಮಾಸ್ಕು ತೆಗೆದಿಡುವುದು ಕ್ಷೇಮ. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಶುದ್ಧ ಸೈನ್ ವೇವ್ ಬಗೆಯದೇ ಎಂದು ವಿದ್ಯುತ್ ಕೆಲಸದವರಿಂದ ಖಚಿತಪಡಿಸಿಕೊಳ್ಳಬೇಕು. ನೀರು ಕಾಯಿಸುವ ಭಾಗಕ್ಕೇ ಹೆಚ್ಚು ವಿದ್ಯುತ್ತು ಬೇಕಾಗುವುದರಿಂದ, ಬ್ಯಾಟರಿಯ ಮೇಲೆ ನಡೆಸುವಾಗ ತೇವಕಾರಿಯನ್ನು ಆರಿಸಿದರೆ ಬಹಳ ಹೊತ್ತು ಬಾಳುತ್ತದೆ.

ಯಾವಾಗ ವೈದ್ಯರು?

ಸರಿಯಾಗಿ ಬಳಸಿದರೂ ಹಗಲಿನ ತೂಕಡಿಕೆ ಹೋಗದಿದ್ದರೆ, ಯಂತ್ರದ ಫಲಕದಲ್ಲಿ ಗಂಟೆಗಿಷ್ಟು ತಡೆಯೆಂದು ತೋರುವ ಅಂಕ 5ಕ್ಕಿಂತ ಮೇಲೆಯೇ ಉಳಿದರೆ, ಮೂಗಿನಲ್ಲಿ ಪದೇ ಪದೇ ರಕ್ತ ಬಂದರೆ, ದೇಹದ ತೂಕ ಬಹಳ ಏರಿಯೋ ಇಳಿದೋ ಇದ್ದರೆ ವೈದ್ಯರನ್ನು ಕಾಣತಕ್ಕದ್ದು. ಎದೆನೋವು, ಹಠಾತ್ತನೆ ಉಬ್ಬಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಾಗಮಂಗಲ ತಾಲ್ಲೂಕಿನವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಮೈಸೂರಿನಲ್ಲಿ ಜೆ.ಎಸ್.ಎಸ್. ಆಸ್ಪತ್ರೆಯೂ ಇವೆ. ಅಲ್ಲಿನ ಶ್ವಾಸಕೋಶ ವಿಭಾಗಗಳಲ್ಲಿ ವಿಚಾರಿಸಬಹುದು. ಹೋಗುವಾಗ ಯಂತ್ರವನ್ನೂ ಮಾಸ್ಕನ್ನೂ ಜೊತೆಗೊಯ್ಯಿರಿ. ಎಷ್ಟು ರಾತ್ರಿ, ಎಷ್ಟು ಗಂಟೆ, ಎಷ್ಟು ಸೋರಿಕೆ ಎಂಬ ಲೆಕ್ಕವನ್ನು ಇಂದಿನ ಯಂತ್ರಗಳು ತಾವೇ ಬರೆದಿಟ್ಟಿರುತ್ತವೆ. ನಿದ್ರೆಮಾತ್ರೆ ಮತ್ತು ಮದ್ಯ ಇವೆರಡೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುವುದರಿಂದ ಈ ರೋಗಿಗಳಿಗೆ ಮದ್ಯ ವರ್ಜ್ಯ. ಮಾತ್ರೆ ವೈದ್ಯರ ಅಪ್ಪಣೆಯಿಲ್ಲದೆ ಕೂಡದು.

ಮನೆಯವರ ಪಾತ್ರ

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಮಾಸ್ಕು ಕಟ್ಟಿಕೊಂಡ ಹಿರಿಯರನ್ನು ಕಂಡು ಮಕ್ಕಳು ಆನೆಯ ಸೊಂಡಿಲೆಂದು ನಗುವುದು ಸಹಜ, ದೊಡ್ಡವರು ನಗಬಾರದು. ತಮಗೆ ವಯಸ್ಸಾಯಿತೆಂಬ ಸಂಕೋಚವೂ ಕೈಹಿಡಿದವಳ ಎದುರಿನ ಮುಜುಗರವೂ ಎಷ್ಟೋ ಜನ ಯಂತ್ರವನ್ನು ಮೂಲೆಗಿಡಲು ಕಾರಣವಾಗಿವೆ. ಗೃಹಿಣಿಯರಿಗೂ ಈ ರೋಗ ಬರುತ್ತದೆ, ವಿಶೇಷವಾಗಿ ಮುಟ್ಟು ನಿಂತ ಮೇಲೆ. ಹೆಂಗಸರು ಗೊರಕೆ ಹೊಡೆಯುತ್ತಾರೆಂದು ಹೇಳಲು ಮನೆಯವರು ನಾಚುವುದರಿಂದ ಅವರ ಪರೀಕ್ಷೆ ತಡವಾಗುತ್ತದೆ. ಈ ನಾಚಿಕೆ ಸಲ್ಲದು.

ದಿನದ ಕಾಯಕವನ್ನು ಎಚ್ಚರದಿಂದ ಮಾಡಬೇಕಾದರೆ ರಾತ್ರಿಯ ನಿದ್ರೆ ನಿರ್ಮಲವಾಗಿರಬೇಕು. ಮೊದಲ ವಾರ ಕಷ್ಟ, ಮೊದಲ ತಿಂಗಳು ಬೇಸರ, ಅನಂತರ ಕನ್ನಡಕದಂತೆ ಯಂತ್ರವೂ ದೇಹಕ್ಕೆ ಹೊಂದಿಕೊಳ್ಳುತ್ತದೆ. ಅಟ್ಟದ ಮೇಲೆ ಯಂತ್ರವಿರುವ ಮನೆಯವರು ಈ ವಾರವೇ ಅದನ್ನು ಇಳಿಸಿ, ಧೂಳು ಕೊಡವಿ, ಫಿಲ್ಟರನ್ನು ಬದಲಿಸಿ, ಯಾವ ತೊಂದರೆಯಿಂದ ಬಿಟ್ಟಿರೆಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ವೈದ್ಯರಲ್ಲಿಗೆ ಹೋಗಬೇಕೆಂದು ನಮ್ಮ ವಿನಂತಿ. ಎಲ್ಲರ ಮನೆಯಲ್ಲಿಯೂ ಎಲ್ಲರಿಗೂ ನೆಮ್ಮದಿಯ ನಿದ್ರೆ ಲಭಿಸಲಿ.